ಅಣ್ಣನ ಪುಸ್ತಕ, ತಮ್ಮನ ಪರೀಕ್ಷೆ

ಬದನವಾಳು ಎಂದೊಡನೆ ಖಾದಿ ನೆನಪಾಗುತ್ತದೆ. 1927ರಲ್ಲಿ ಗಾಂಧೀಜಿ ಭೇಟಿ ನೀಡಿದ ಊರದು. 2015ರಲ್ಲಿ ರಂಗಕರ್ಮಿ ಪ್ರಸನ್ನರ ನೇತೃತ್ವದಲ್ಲಿ ಸರಳ ಬದುಕಿಗಾಗಿ ಸತ್ಯಾಗ್ರಹ ನಡೆದದ್ದೂ ಅಲ್ಲಿಯೇ. ಅಂತಹ ಊರಿಗೂ ಕಂಪೆನಿ ಕಾನೂನಿಗೂ ಏನು ಸಂಬಂಧವೆಂದು ಯಾರಾದರೂ ಕೇಳಬಹುದು. ಸಂಬಂಧವಿದೆ. ಕೃಷಿಕರು, ಕೈಮಗ್ಗದವರು, ಕರಕುಶಲಿಗಳು, ಗೃಹೋದ್ಯಮದವರು ಹತ್ತು ಮಂದಿ ಒಟ್ಟುಗೂಡಿದರೆ ಉತ್ಪಾದಕರ ಕಂಪೆನಿಯೊಂದನ್ನು ಸ್ಥಾಪಿಸಲು ಕಾಯ್ದೆಯಲ್ಲಿ ಅವಕಾಶವಿದೆ. ಅದನ್ನು ಓದಿ ಅರ್ಥ ಹೇಳಬಲ್ಲ ಮಗನೋ ಮಗಳೋ ಊರಲ್ಲಿದ್ದರೆ ಆ ಅವಕಾಶ ಕೈಗೆಟಕುತ್ತದೆ. ಇಲ್ಲದಿದ್ದರೆ ಅದು ಕಾಗದದಲ್ಲೇ ಉಳಿಯುತ್ತದೆ.

ಬಿ.ಕಾಂ., ಎಲ್‌ಎಲ್‌.ಬಿ., ಸಿ.ಎ., ಕಂಪೆನಿ ಸೆಕ್ರೆಟರಿ ವ್ಯಾಸಂಗಕ್ಕೆ ಮಕ್ಕಳನ್ನು ಕಳುಹಿಸುವ ಕುಟುಂಬಗಳು ಇಂದು ನಮ್ಮ ಪಟ್ಟಣಗಳಲ್ಲಿವೆ. ಇದು ಸಂತಸದ ವಿಷಯ. ವಿಪರ್ಯಾಸವೆಂದರೆ, ಶುಲ್ಕಕ್ಕಾಗಿ ಒಡವೆ ಅಡವಿಡಲೂ ಹಿಂಜರಿಯದ ಹೆತ್ತವರು ಪುಸ್ತಕದ ಮಾತು ಬಂದಾಗ 'ಅಣ್ಣ ಓದಿದ್ದು ಇದೆಯಲ್ಲ' ಎನ್ನುತ್ತಾರೆ. ಇತಿಹಾಸದ ಪುಸ್ತಕವನ್ನು ಅಣ್ಣನಿಂದ ತಮ್ಮ ಪಡೆಯಬಹುದು. ಕಂಪೆನಿ ಕಾನೂನಿನ ಪುಸ್ತಕವನ್ನು ಹಾಗೆ ಪಡೆಯಲಾಗದು.

ಮೇಲೆ ಹೇಳಿದ ಉತ್ಪಾದಕರ ಕಂಪೆನಿಯನ್ನೇ ನೋಡಿ. 1956ರ ಕಾಯ್ದೆಯ ಬದಲಿಗೆ 2013ರ ಕಾಯ್ದೆ ಬಂದಾಗ ಈ ಅಧ್ಯಾಯ ಹೊಸ ಕಾಯ್ದೆಯಲ್ಲಿರಲಿಲ್ಲ. ಹಳೆಯ ಕಾಯ್ದೆಯ ಭಾಗವಾಗಿಯೇ ಜೀವಂತವಾಗಿತ್ತು. 2020ರ ತಿದ್ದುಪಡಿಯ ಮೂಲಕವಷ್ಟೇ ಅದು ಹೊಸ ಕಾಯ್ದೆಗೆ ಸೇರಿತು. ಅಂದರೆ 2014ರಲ್ಲಿ ಮುದ್ರಣವಾದ ಹೊಸ ಕಾಯ್ದೆಯ ಪ್ರತಿಯಲ್ಲಿ ಬದನವಾಳಿನಂತಹ ಊರಿಗೆ ಬೇಕಾದ ಅಧ್ಯಾಯವೇ ಸಿಗದು. 'ಸಣ್ಣ ಕಂಪೆನಿ'ಗೆ ಪಾವತಿಯಾದ ಬಂಡವಾಳದ ಮಿತಿಯೂ ಹಾಗೆಯೇ. ಮೊದಲು 50 ಲಕ್ಷ ರೂಪಾಯಿ ಇದ್ದದ್ದು 2021ರಲ್ಲಿ 2 ಕೋಟಿಗೆ, 2022ರಲ್ಲಿ 4 ಕೋಟಿಗೆ, 2025ರ ಡಿಸೆಂಬರ್‌ನಲ್ಲಿ 10 ಕೋಟಿಗೆ ಏರಿತು. ಹಳೆಯ ಪುಸ್ತಕವನ್ನು ನಂಬಿ ಶ್ರದ್ಧೆಯಿಂದ ಓದಿದ ಮಗು ಅಷ್ಟೇ ಶ್ರದ್ಧೆಯಿಂದ ತಪ್ಪನ್ನು ಬರೆದು ಬರುತ್ತದೆ. ಕಂಪೆನಿ ಸೆಕ್ರೆಟರಿ ಪರೀಕ್ಷೆಯಂತೂ ಆರು ತಿಂಗಳ ಹಿಂದಿನವರೆಗಿನ ತಿದ್ದುಪಡಿಗಳ ಅರಿವನ್ನು ಅಪೇಕ್ಷಿಸುತ್ತದೆ.

ಹಾಗಾದರೆ ಬಡವರ ಮಕ್ಕಳು ಏನು ಮಾಡಬೇಕು? ಕಾಯ್ದೆಯ ಮೂಲ ಪಠ್ಯ ಸರಕಾರದ ಇಂಡಿಯಾ ಕೋಡ್ ಜಾಲತಾಣದಲ್ಲಿ ಉಚಿತವಾಗಿದೆ. ಸಿ.ಎ. ಮತ್ತು ಕಂಪೆನಿ ಸೆಕ್ರೆಟರಿ ಸಂಸ್ಥೆಗಳ ಅಧ್ಯಯನ ಸಾಮಗ್ರಿಯೂ ಅವುಗಳ ಜಾಲತಾಣಗಳಲ್ಲಿ ಉಚಿತ. ತತ್ವಗಳನ್ನು ಅರಿಯಲು ಅವತಾರ್ ಸಿಂಗ್ ಅವರ ಗ್ರಂಥದಂತಹ ಒಂದು ಪಠ್ಯಪುಸ್ತಕದ ಹೊಸ ಆವೃತ್ತಿ ಸಾಕು. ರಾಮಯ್ಯ ಅವರ ಹೆಸರಿನ ಬೃಹತ್ ಸಂಪುಟಗಳು ವೃತ್ತಿನಿರತರಿಗೆ. ವಿದ್ಯಾರ್ಥಿ ಅದಕ್ಕಾಗಿ ಸಾಲ ಮಾಡಬೇಕಿಲ್ಲ.

ಓದುವ ಕ್ರಮವೂ ಮುಖ್ಯ. ಮೊದಲು ಕಲಮನ್ನು ಓದಬೇಕು, ಬಳಿಕ ವಿವರಣೆಯನ್ನು, ಆ ಮೇಲೆ ತೀರ್ಪನ್ನು. ಕಂಪೆನಿ ಬೇರೆ, ಅದರ ಸದಸ್ಯರು ಬೇರೆ ಎಂದು ಸಾರಿದ 1897ರ ಸಾಲೊಮನ್ ಪ್ರಕರಣವನ್ನು ಬಾಯಿಪಾಠ ಮಾಡಿದರೆ ಸಾಲದು. ತಂದೆಯ ಅಂಗಡಿಯ ಸಾಲಕ್ಕೂ ಕಂಪೆನಿಯ ಸಾಲಕ್ಕೂ ಇರುವ ಅಂತರವನ್ನು ಅದರಿಂದ ವಿವರಿಸಲು ಬರಬೇಕು. ಕಂಪೆನಿ ಸೆಕ್ರೆಟರಿ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯುವಂತಿಲ್ಲ. ಆದ್ದರಿಂದ ಕನ್ನಡ ಮಾಧ್ಯಮದ ವಿದ್ಯಾರ್ಥಿ ತನ್ನದೇ ಪದಕೋಶವೊಂದನ್ನು ಬರೆದಿಟ್ಟುಕೊಳ್ಳಲಿ. ಇಂಗ್ಲಿಷಿನ 'ಶಲ್' ಎಂದರೆ ನಮ್ಮ ರಾಜ್ಯಪತ್ರದ 'ತಕ್ಕದ್ದು', 'ಮೇ' ಎಂದರೆ 'ಬಹುದು'. ಈ ಎರಡರ ವ್ಯತ್ಯಾಸ ತಿಳಿದರೆ ಕಾನೂನಿನ ಅರ್ಧ ಭಯ ದೂರವಾದೀತು.

ಇನ್ನು ಸಮುದಾಯದ ಹೊಣೆ. ವರ್ಷಂಪ್ರತಿ ಪ್ರತಿಭಾ ಪುರಸ್ಕಾರಗಳಲ್ಲಿ ಶಾಲು, ಸ್ಮರಣಿಕೆಗಳಿಗೆ ಹಣ ಹರಿಯುತ್ತದೆ. ಅದರಲ್ಲಿ ಒಂದು ಪಾಲಿನಿಂದ ಪ್ರತಿ ಪಟ್ಟಣದಲ್ಲೂ ಕಂಪ್ಯೂಟರ್, ಮುದ್ರಣ ಸೌಲಭ್ಯ ಮತ್ತು ಹೊಸ ಆವೃತ್ತಿಗಳುಳ್ಳ ಓದುವ ಕೊಠಡಿಯನ್ನು ನಮ್ಮ ಜಮಾಅತ್‌ಗಳು ನಡೆಸಲಾಗದೇ? ಬಳಕೆಗೆ ಬಾರದ ಹಳೆಯ ಪುಸ್ತಕಗಳನ್ನು ಬಡ ವಿದ್ಯಾರ್ಥಿಯ ಕೈಗಿಟ್ಟು ಅದನ್ನು ನೆರವೆಂದು ಕರೆಯುವುದನ್ನು ನಾವು ಇನ್ನಾದರೂ ನಿಲ್ಲಿಸಬೇಕಾಗಿದೆ.