ಬಾಯಾರಿಕೆಗೆ ಅಪ್ಪಣೆ ಬೇಕೆ?

ಬಾಯಾರಿದಾಗ ಬಾವಿ ತೋಡಿದರು ಎಂಬ ಗಾದೆಯನ್ನು ನೀವು ಕೇಳಿರಬಹುದು. ಮುಂದಾಲೋಚನೆಯಿಲ್ಲದವರನ್ನು ಹಂಗಿಸಲು ನಮ್ಮ ಹಿರಿಯರು ಈ ಮಾತನ್ನು ಬಳಸುತ್ತಿದ್ದರು. ಆದರೆ ಬಾವಿ ಪಕ್ಕದಲ್ಲಿಯೇ ಇದ್ದು, ಅದರಲ್ಲಿ ನೀರೂ ತುಂಬಿದ್ದು, ಬಾಯಾರಿದವನು ಮಾತ್ರ ಕುಡಿಯದೆ ಕುಳಿತಿದ್ದರೆ ಅವನನ್ನು ಏನೆನ್ನಬೇಕು? ಅದಕ್ಕೆ ತಕ್ಕ ಗಾದೆ ನನಗೆ ತೋಚದು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಕನ್ನಡ ಪಾಠ ಹೇಳಿದ ನಾನು ಅಂಥವರನ್ನು ದಿನವೂ ಕಂಡಿದ್ದೇನೆ. ಅವರು ನಿಮ್ಮ ವಯಸ್ಸಿನವರು; ನನ್ನ ಎದುರಿನ ಬೆಂಚುಗಳ ಮೇಲೆ ಕುಳಿತಿದ್ದವರು.

ನೀರು ಆರೋಗ್ಯಕ್ಕೆ ಒಳ್ಳೆಯದೆಂದು ಹೇಳುವುದಕ್ಕೆ ಒಂದು ಪಾಠವೇ ಬೇಕಾಗಿಲ್ಲ. ಆದರೂ ಒಡಲೊಳಗೆ ಅದು ಮಾಡುವ ಕೆಲಸವನ್ನು ಒಮ್ಮೆ ನೋಡಿದರೆ ವಿಸ್ಮಯವಾಗುತ್ತದೆ. ವಯಸ್ಕರ ದೇಹದ ತೂಕದಲ್ಲಿ ನೂರಕ್ಕೆ ಸುಮಾರು 60 ಪಾಲು ನೀರೇ. ಮುಷ್ಟಿಯಷ್ಟು ಗಾತ್ರದ ನಮ್ಮ ಎರಡು ಮೂತ್ರಪಿಂಡಗಳು ದಿನವೊಂದಕ್ಕೆ ಸುಮಾರು 180 ಲೀಟರಿನಷ್ಟು ದ್ರವವನ್ನು ರಕ್ತದಿಂದ ಸೋಸುತ್ತವೆ. 15 ಲೀಟರು ಹಿಡಿಯುವ ಬಿಂದಿಗೆಯಲ್ಲಿ ಅಳೆದರೆ ಅದು 12 ಬಿಂದಿಗೆ! ಅಷ್ಟನ್ನೂ ಹೊರಗೆ ಚೆಲ್ಲಿದರೆ ನಾವು ಉಳಿಯುವುದುಂಟೆ? ಬಹುಪಾಲನ್ನು ಅವು ರಕ್ತಕ್ಕೇ ಮರಳಿಸಿ, ಕಸವನ್ನು ಮಾತ್ರ ಒಂದೂವರೆ ಲೀಟರಿನಷ್ಟು ನೀರಿನಲ್ಲಿ ಕರಗಿಸಿ ಹೊರಹಾಕುತ್ತವೆ. ಜಾಣ ಗೃಹಿಣಿಯ ಸಂಸಾರದಂತೆ ಇದೆ ಈ ವ್ಯವಹಾರ. ನೀರು ಕಡಿಮೆಯಾದರೆ ಅವು ಇನ್ನೂ ಬಿಗಿಹಿಡಿದು ಖರ್ಚು ಮಾಡುತ್ತವೆ. ಮೂತ್ರ ಗಾಢವಾಗಿ ಹಳದಿಗಟ್ಟುತ್ತದೆ. ಈ ಬಿಗಿ ಬಹುಕಾಲ ನಡೆದರೆ ಲವಣಗಳು ಹರಳುಗಟ್ಟಿ ಮೂತ್ರಪಿಂಡದಲ್ಲಿ ಕಲ್ಲಾಗಬಹುದು. ಆ ನೋವನ್ನು ಉಂಡವರು ಮತ್ತೆ ನೀರಿನ ವಿಷಯದಲ್ಲಿ ಉದಾಸೀನ ಮಾಡಲಾರರು.

ಹಾಗಾದರೆ ಎಷ್ಟು ಕುಡಿಯಬೇಕು? ದಿನಕ್ಕೆ ಎಂಟು ಲೋಟ ಎಂಬ ಲೆಕ್ಕವೊಂದು ಲೋಕಪ್ರಸಿದ್ಧವಾಗಿದೆ. 1945ರಲ್ಲಿ ಅಮೆರಿಕದ ಆಹಾರ ಮತ್ತು ಪೋಷಣಾ ಮಂಡಳಿಯು ವಯಸ್ಕರಿಗೆ ದಿನಕ್ಕೆ ಸುಮಾರು ಎರಡೂವರೆ ಲೀಟರು ನೀರು ಬೇಕೆಂದು ಹೇಳಿತು. ಅದರ ಬಹುಭಾಗ ನಾವು ತಿನ್ನುವ ಆಹಾರದಲ್ಲಿಯೇ ಇರುತ್ತದೆ ಎಂದೂ ಅಲ್ಲಿಯೇ ಹೇಳಿತ್ತು. ಲೋಕ ಮೊದಲ ಮಾತನ್ನು ನೆನಪಿಟ್ಟುಕೊಂಡು ಎರಡನೆಯದನ್ನು ಮರೆಯಿತು! ನಮ್ಮ ಸಾರು, ಗಂಜಿ, ಮಜ್ಜಿಗೆ, ಸೌತೆಕಾಯಿ ಎಲ್ಲದರಲ್ಲಿಯೂ ನೀರಿದೆ. ನೆರಳಿನಲ್ಲಿ ಕುಳಿತವನಿಗೂ ಬಿಸಿಲಿನಲ್ಲಿ ಕಳೆ ಕೀಳುವವಳಿಗೂ ಒಂದೇ ಅಳತೆ ಹೇಗೆ ಹೊಂದೀತು? ಅಳತೆ ಮೀರಿ ಕುಡಿಯುವುದೂ ಕೇಡೇ. ಅಲ್ಪ ಸಮಯದಲ್ಲಿ ವಿಪರೀತ ನೀರು ಕುಡಿದು, ರಕ್ತದಲ್ಲಿನ ಸೋಡಿಯಮ್ ತೆಳುವಾಗಿ ಪ್ರಾಣಕ್ಕೆ ಎರವಾದ ಓಟಗಾರರುಂಟು. ಆರೋಗ್ಯವಂತರಾದ ಎಳೆಯರಿಗೆ ನಿಸರ್ಗವೇ ಒಂದು ಅಳತೆಗೋಲನ್ನು ಕೊಟ್ಟಿದೆ. ರಕ್ತ ತುಸುವೇ ಗಾಢವಾದರೂ ಮಿದುಳಿನ ಒಂದು ಪುಟ್ಟ ಭಾಗ ಅದನ್ನು ಅರಿತು ನಮ್ಮನ್ನು ಎಚ್ಚರಿಸುತ್ತದೆ. ಆ ಎಚ್ಚರಿಕೆಯೇ ಬಾಯಾರಿಕೆ. ಮುಪ್ಪಿನಲ್ಲಿ ಅದು ಮಂದವಾಗುವುದರಿಂದ ನನ್ನಂಥವರು ನೆನಪಿಟ್ಟುಕೊಂಡು ಕುಡಿಯಬೇಕು. ನೀವು ಅದರ ಮಾತನ್ನು ಕೇಳಿದರೆ ಸಾಕು.

ಕೇಳಲು ಬಿಡಬೇಕಲ್ಲ! ನಾನು ಹೇಳಬೇಕೆಂದಿರುವುದು ಇಲ್ಲಿಂದಲೇ ಮೊದಲಾಗುತ್ತದೆ.

ರಾಯಚೂರು ಜಿಲ್ಲೆಯ ಪ್ರೌಢಶಾಲೆಯೊಂದರಲ್ಲಿ ನಾನು ಕೆಲವು ವರ್ಷ ಇದ್ದೆ. ಬೇಸಗೆಯಲ್ಲಿ ಆ ಸೀಮೆಯ ಬಿಸಿಲು 40 ಡಿಗ್ರಿಯನ್ನು ದಾಟುವುದು ಸಾಮಾನ್ಯ. ಪಾಠದ ನಡುವೆ ಯಾರಾದರೂ ಎದ್ದು, “ಸರ್, ನೀರು ಕುಡಿದು ಬರ್ತೀನ್ರಿ” ಎಂದರೆ ನನಗೆ ರೇಗುತ್ತಿತ್ತು. “ಈಗ ತಾನೆ ಗಂಟೆ ಹೊಡೆಯಿತು. ಕುಳಿತುಕೋ” ಎನ್ನುತ್ತಿದ್ದೆ. ಒಬ್ಬನನ್ನು ಬಿಟ್ಟರೆ ಹತ್ತು ಮಂದಿ ಏಳುತ್ತಾರೆ, ತರಗತಿಯ ಶಿಸ್ತು ಕೆಡುತ್ತದೆ ಎಂಬುದು ನನ್ನ ತರ್ಕ. ನನ್ನ ಮೇಜಿನ ಮೇಲೆ ಮಾತ್ರ ಒಂದು ತಂಬಿಗೆ ನೀರು ಸದಾ ಇರುತ್ತಿತ್ತು. ಅದನ್ನು ಕುಡಿದು ನಾನು ಪಾಠ ಮುಂದುವರಿಸುತ್ತಿದ್ದೆ.

ಒಂದು ಮಾರ್ಚ್ ತಿಂಗಳಿನಲ್ಲಿ, ಪರೀಕ್ಷೆಯ ಸಿದ್ಧತೆಗೆಂದು ನಡೆಸುತ್ತಿದ್ದ ಮಧ್ಯಾಹ್ನದ ತರಗತಿಯಲ್ಲಿ, ಮುಂದಿನ ಸಾಲಿನ ಹುಡುಗಿಯೊಬ್ಬಳು ತಲೆತಿರುಗಿ ಬಿದ್ದಳು. ಅವಳು ನೀರು ಕೇಳಿಯೂ ಇರಲಿಲ್ಲ. ನಮ್ಮ ಸಹೋದ್ಯೋಗಿಯಾದ ಶಿಕ್ಷಕಿಯೊಬ್ಬರು ಅವಳನ್ನು ನೆರಳಿಗೆ ಕರೆದೊಯ್ದು ನೀರು ಕುಡಿಸಿ ಉಪಚರಿಸಿದರು. ಊಟ ಮಾಡಿರಲಿಲ್ಲವೇನೋ ಎಂದು ನಾನು ವಿಚಾರಿಸಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: “ಊಟ ಮಾಡಿದ್ದಾಳೆ ಸರ್. ಬೆಳಗಿನಿಂದ ನೀರು ಕುಡಿದಿಲ್ಲ. ಈ ಹುಡುಗಿಯರು ಯಾರೂ ಕುಡಿಯುವುದಿಲ್ಲ. ಕುಡಿದರೆ ಆಮೇಲೆ ಹೋಗುವುದೆಲ್ಲಿಗೆ?”

ಶಾಲೆಯಲ್ಲಿ ಶೌಚಾಲಯ ಇತ್ತು. ತನಿಖೆಗೆ ಬಂದವರಿಗೆ ತೋರಿಸಲು ಶುಚಿಯಾಗಿರಲಿ ಎಂದು ಅದಕ್ಕೆ ಬೀಗ ಹಾಕಿತ್ತು. ಬೀಗದ ಕೈ ಕಚೇರಿಯ ಮೇಜಿನೊಳಗೆ. ನಿಮ್ಮ ವಯಸ್ಸಿನ ಯಾವ ಹುಡುಗಿ ಕಚೇರಿಗೆ ಹೋಗಿ, ಗಂಡಸರ ಎದುರು ನಿಂತು ಅದನ್ನು ಕೇಳಿಯಾಳು? ಆದ್ದರಿಂದ ಅವರೆಲ್ಲ ಒಂದು ಉಪಾಯವನ್ನು ಕಂಡುಕೊಂಡಿದ್ದರು: ಮನೆ ಬಿಟ್ಟಾಗಿನಿಂದ ಮನೆ ಸೇರುವವರೆಗೆ ನೀರು ಮುಟ್ಟದಿರುವುದು. ಹೀಗೆ ನೀರು ಬಿಡುವುದರಿಂದಲೂ ಮೂತ್ರವನ್ನು ತಡೆದುಕೊಳ್ಳುವುದರಿಂದಲೂ ಮೂತ್ರಕೋಶದಲ್ಲಿ ಸೋಂಕು ತಗಲುವ ಭಯ ಹೆಚ್ಚು. ಮೂತ್ರನಾಳ ಗಿಡ್ಡವಾಗಿರುವುದರಿಂದ ಹೆಣ್ಣುಮಕ್ಕಳಿಗೆ ಆ ಭಯ ಇನ್ನಷ್ಟು. ದೇಹದ ತೂಕದಲ್ಲಿ ನೂರಕ್ಕೆ ಎರಡರಷ್ಟು ನೀರು ಕಡಿಮೆಯಾದರೂ ಗಮನ ಚದರುತ್ತದೆ, ತಲೆನೋವು ಬರುತ್ತದೆ. ಮಧ್ಯಾಹ್ನದ ಪಾಠದಲ್ಲಿ ತೂಕಡಿಸುತ್ತಿದ್ದ ಎಷ್ಟು ಮಕ್ಕಳನ್ನು ನಾನು ಸೋಮಾರಿಗಳೆಂದು ಬೈದಿದ್ದೆನೋ!

ಸಾತಾರದ ಶಾಲೆಯಲ್ಲಿ ಓದುತ್ತಿದ್ದಾಗ ಬಾಲಕ ಅಂಬೇಡ್ಕರರು ನಲ್ಲಿಯನ್ನು ಮುಟ್ಟುವಂತಿರಲಿಲ್ಲ. ಜವಾನ ಬಂದು ತಿರುಗಿಸಿದರೆ ನೀರು. ಅವನು ಇಲ್ಲದ ದಿನ ಬಾಯಾರಿಕೆಯೇ ಗತಿ. ದೊಡ್ಡವರಾದ ಮೇಲೆ ಅವರೇ ಇದನ್ನು ಬರೆದಿದ್ದಾರೆ. 1927ರಲ್ಲಿ ಸಾವಿರಾರು ಜನರೊಡನೆ ಮಹಾಡಿನ ಚವದಾರ ಕೆರೆಗೆ ನಡೆದುಹೋಗಿ ಅವರು ಬೊಗಸೆಯಲ್ಲಿ ನೀರು ಕುಡಿದರು. ಆ ಘೋರ ಅನ್ಯಾಯದ ಪಕ್ಕದಲ್ಲಿ ನನ್ನ ತರಗತಿಯ ಸಂಗತಿಯನ್ನು ಸಮನಾಗಿ ಇಡಲಾರೆ. ಆದರೂ ಮಗುವೊಂದರ ಬಾಯಾರಿಕೆ ಮತ್ತೊಬ್ಬರ ಕೈಯಲ್ಲಿರುವುದು ಎಂಥ ಅವಸ್ಥೆ ಎಂಬುದು ಆ ಬರಹವನ್ನು ಓದಿದಾಗ ನನ್ನನ್ನು ಚುಚ್ಚಿತು.

2019ರಲ್ಲಿ ಕೇರಳದ ಕೆಲವು ಶಾಲೆಗಳು ನೀರು ಕುಡಿಯುವುದಕ್ಕಾಗಿಯೇ ಗಂಟೆ ಬಾರಿಸತೊಡಗಿದವು. ಅದೇ ವರ್ಷ ಕರ್ನಾಟಕದ ಶಾಲೆಗಳಿಗೂ ಈ ಸೂಚನೆ ಬಂದಿತು. ಒಳ್ಳೆಯದೇ. ಆದರೆ ಗಂಟೆ ಬಾರಿಸಿ ನೀರು ಕುಡಿಸಿದವರು ಶೌಚಾಲಯದ ಬಾಗಿಲನ್ನೂ ತೆರೆದಿಡಬೇಕು. 2009ರ ಶಿಕ್ಷಣ ಹಕ್ಕು ಕಾಯಿದೆಯು ಶುದ್ಧವಾದ ಕುಡಿಯುವ ನೀರನ್ನೂ ಗಂಡುಹೆಣ್ಣುಮಕ್ಕಳಿಗೆ ಬೇರೆ ಬೇರೆ ಶೌಚಾಲಯಗಳನ್ನೂ ಒಟ್ಟಿಗೇ ಹೇಳಿರುವುದು ಸುಮ್ಮನೆ ಅಲ್ಲ. ಕಟ್ಟಿಸುವುದು ಒಂದು ಕೆಲಸ. ದಿನವೂ ನೀರು ಹೊಯ್ದು ತೊಳೆದು ತೆರೆದಿಡುವುದು ಅದಕ್ಕಿಂತ ದೊಡ್ಡ ಕೆಲಸ. ಬೇಸಗೆ ಬಂದರೆ ದಾರಿಬದಿಯಲ್ಲಿ ಅರವಟ್ಟಿಗೆಯಿಟ್ಟು, ಹೆಸರು ಊರು ಕೇಳದೆ ನೀರೆರೆಯುವ ನಾಡಿನವರು ನಾವು. ಶಾಲೆಯ ಮಕ್ಕಳ ವಿಷಯದಲ್ಲಿ ಮಾತ್ರ ಇಷ್ಟೊಂದು ಕಟ್ಟಳೆ ಏಕೆ?

ಅಂದಿನ ಮರುವಾರ ಸಂತೆಯಿಂದ ಒಂದು ದೊಡ್ಡ ಮಣ್ಣಿನ ಹರವಿಯನ್ನು ತಂದು ತರಗತಿಯ ಮೂಲೆಯಲ್ಲಿ ಮರಳಿನ ಮೇಲೆ ಇರಿಸಿದೆ. ಕೇಳದೆ ಎದ್ದು ಹೋಗಿ ಕುಡಿಯಬಹುದೆಂದು ಹೇಳಿದೆ. ಮೊದಲ ಎರಡು ದಿನ ನಾಲ್ಕಾರು ತುಂಟರು ಆಟಕ್ಕೆಂದೇ ಎದ್ದರು. ನಾನು ಪಾಠ ನಿಲ್ಲಿಸಲಿಲ್ಲ. ವಾರ ಕಳೆಯುವಷ್ಟರಲ್ಲಿ ಯಾರು ಎದ್ದರು, ಯಾರು ಕುಳಿತರು ಎಂಬುದು ನನಗೂ ತಿಳಿಯದಂತಾಯಿತು. ಬೀಗದ ಕೈಯ ವಿಷಯ ಅಷ್ಟು ಸುಲಭವಾಗಿ ಬಗೆಹರಿಯಲಿಲ್ಲ. ಆ ಶಿಕ್ಷಕಿಯೂ ನಾನೂ ಹಲವು ಬಾರಿ ವಾದ ಮಾಡಬೇಕಾಯಿತು. ಕೊನೆಗೆ ಅದು ಕಚೇರಿಯ ಮೇಜಿನಿಂದ ಹೊರಬಂದು, ಹುಡುಗಿಯರು ಕೂರುವ ಕಡೆಯ ಬಾಗಿಲ ಹಿಂದೆ ಒಂದು ಮೊಳೆಗೆ ತೂಗಿತು. ನನಗೆ ವರ್ಗವಾಗುವವರೆಗೂ ಅದು ಅಲ್ಲಿಯೇ ಇತ್ತು.