ವಸಂತಹಬ್ಬವನ್ನು ನಿಲ್ಲಿಸಿದವರು ಯಾರು?

ರಾಜಾನುಕುಂಟೆಯ ತೋಟವೊಂದರಲ್ಲಿ ಬೇಸಗೆಯ ಸಾಹಿತ್ಯೋತ್ಸವ ನಡೆಸುವ ಉತ್ಸಾಹದಲ್ಲಿದ್ದಾರೆ, ನನ್ನ ಮಿತ್ರರೊಬ್ಬರು. ಮಾವಿನ ನೆರಳು, ಕವಿತೆ, ಸಂಗೀತ; ಪ್ರವೇಶಕ್ಕೆ ಭಾರಿ ಟಿಕೆಟ್ಟು. 'ಬಿಟ್ಟಿ ಬಂದವರಿಗೆ ಕಲೆಯ ಬೆಲೆ ತಿಳಿಯದು' ಎಂದು ಅವರ ವಾದ.

ಈ ಮಾತನ್ನು ನಾನು ಒಪ್ಪಲಾರೆ. ಕೆಲವೇ ಮೈಲಿ ಆಚೆ, ಹೆಸರಘಟ್ಟದಲ್ಲಿ, ಪ್ರೊತಿಮಾ ಬೇಡಿಯವರು 1990ರಲ್ಲಿ ಕಟ್ಟಿದ ನೃತ್ಯಗ್ರಾಮವಿದೆ. ಅಲ್ಲಿಯ ವಸಂತಹಬ್ಬಕ್ಕೆ ಟಿಕೆಟ್ಟಿರಲಿಲ್ಲ. ಸಂಜೆಯಿಂದ ಬೆಳಗಿನವರೆಗೆ ನೃತ್ಯ, ಸಂಗೀತ. 1998ರಲ್ಲಿ ಆಕೆ ಹಿಮಾಲಯದ ಭೂಕುಸಿತದಲ್ಲಿ ತೀರಿಕೊಂಡ ಮೇಲೂ ಹಬ್ಬ ನಡೆಯಿತು. 2004ರಲ್ಲಿ ಸುಮಾರು 40,000 ಜನ ಸೇರಿದ್ದರಂತೆ. ಮರುವರ್ಷ ಸುನಾಮಿಯ ದುಃಖ, ಹಣದ ಅಡಚಣೆ; ಹಬ್ಬ ನಿಂತಿತು.

'ಅದು ಸಿರಿವಂತರ ಶೋಕಿ. ಒಡಿಸ್ಸಿಗೂ ಕನ್ನಡಕ್ಕೂ ಏನು ನಂಟು?' ಎಂದು ಮೂಗು ಮುರಿದವರು ನನ್ನ ವೃತ್ತಿಬಾಂಧವರಲ್ಲೇ ಇದ್ದರು. ಸ್ವಾಮೀ, ಬೆಳಗು ಹರಿಯುವ ತನಕ ಬಯಲಾಟ ನೋಡಿದ ವಂಶ ನಮ್ಮದು. ನಮ್ಮ ಪದ್ಧತಿಯೇ ಬೇರೆ ವೇಷ ತೊಟ್ಟು ಬಂದಾಗ ನಮಗೆ ಗುರುತು ಸಿಗಲಿಲ್ಲ!

ಇನ್ನು ಹಣದ ಮಾತು. ಅಷ್ಟು ಜನ ತಲೆಗೆ ಐವತ್ತು ರೂಪಾಯಿ ಹಾಕಿದ್ದರೂ ಇಪ್ಪತ್ತು ಲಕ್ಷ. ಜಾತ್ರೆಗೆ ಹೋದರೆ ಮಂಗಳಾರತಿ ತಟ್ಟೆಗೆ ಕಾಸು ಹಾಕದೆ ಬರುವವರಲ್ಲ ನಾವು. ಇಲ್ಲಿ ಮಾತ್ರ ಕೈ ಕಟ್ಟಿ ಕುಳಿತೆವು. ವಿದ್ಯಾರ್ಥಿಯಾಗಿದ್ದ ನಾನೂ ಬಸ್ಸಿನ ಚಿಲ್ಲರೆಯ ಹೊರತು ಒಂದು ಕಾಸು ಬಿಚ್ಚಲಿಲ್ಲ. ಬೆಲೆ ತಿಳಿದಿತ್ತು, ತೆರುವ ಮನಸ್ಸಿರಲಿಲ್ಲ.

ಮಿತ್ರರಿಗೆ ಹೇಳಿದ್ದೇನೆ: ಟಿಕೆಟ್ಟು ಬಿಡಿ, ಬಾಗಿಲಲ್ಲಿ ತಟ್ಟೆ ಇಡಿ, ರಾಜಾನುಕುಂಟೆಯ ಬೀದಿಯಲ್ಲಿ ತಮಟೆ ಹೊಡೆಸಿ ಊರವರನ್ನು ಕರೆಯಿರಿ. ತಟ್ಟೆಗೆ ಮೊದಲ ನೋಟು ನನ್ನದು, ಹಳೆಯ ಬಾಕಿ ಸೇರಿಸಿ. ಅವರಿನ್ನೂ ಉತ್ತರಿಸಿಲ್ಲ.