ಬೆಲೆ ಉಳೀತು, ಬೆಳೆ ಹೋಯ್ತು!

ಹೋದ ವಾರ ಸಿದ್ದಾಪುರದಿಂದ ಅಪ್ಪಯ್ಯನ ಫೋನು. "ತಮಾ, ಕಂಪ್ಯೂಟರಲ್ಲಿ ಬೆಲೆ ಒಂದೇ ಇದ್ದು, ಬೆಳೆ ಎಲ್ಲಿಗೆ ಹೋತು ಮಾರಾಯ?"

ನಮ್ಮ ಕಡೆಯವರಿಗೆ ಬೆಳೆ ಹೋಯ್ತು ಅಂದ್ರೆ ನೆನಪಾಗೋದು ಕೊಳೆ ರೋಗ. ಈ ಸಲ ತಿಂದದ್ದು ಕೊಳೆ ಅಲ್ಲ, ಫೈಲ್ ಹಂಚೋ ಒಂದು ತಂತ್ರಾಂಶ!

ಆಗಿದ್ದಿಷ್ಟು. ಮನೆಯ ಅಡಿಕೆ ಲೆಕ್ಕಕ್ಕೆ ಎರಡು ಫೈಲ್ ಮಾಡಿದ್ದೆ. ಒಂದರಲ್ಲಿ ಯಾವ ವರ್ಷ ಎಷ್ಟು ಚಾಲಿ, ಎಷ್ಟು ರಾಶಿ ಆಯ್ತು ಅಂತ. ಇನ್ನೊಂದರಲ್ಲಿ ಮಾರಿದ ದರ. ಬೆಳೆ, ಬೆಲೆ ಅಂತ ಇಂಗ್ಲಿಷ್ ಅಕ್ಷರದಲ್ಲಿ ಹೆಸರು. 'ಬರಹ'ದಲ್ಲಿ ಟೈಪಿಂಗ್ ಕಲಿತವರಿಗೆ ಗೊತ್ತಲ್ಲ, ಸಣ್ಣ ಎಲ್ ಒತ್ತಿದ್ರೆ ಲ, ದೊಡ್ಡ ಎಲ್ ಒತ್ತಿದ್ರೆ ಳ. ಎರಡು ಹೆಸರಿಗೂ ಇದ್ದ ವ್ಯತ್ಯಾಸ ಅದೊಂದೇ.

ಬೆಂಗಳೂರಲ್ಲಿ ನನ್ನದು ಲಿನಕ್ಸ್. ಅದಕ್ಕೆ ಅವು ಎರಡು ಬೇರೆ ಫೈಲ್. ಊರಲ್ಲಿ ವಿಂಡೋಸ್. ಅದು ದೊಡ್ಡಕ್ಷರ ಸಣ್ಣಕ್ಷರವನ್ನ ಬರೆದ ಹಾಗೇ ತೋರಿಸುತ್ತೆ, ಆದ್ರೆ ಹುಡುಕುವಾಗ ಎರಡೂ ಒಂದೇ ಅನ್ನುತ್ತೆ. ಹಾಗಾಗಿ ಮೊದಲು ಹೋದ ಬೆಳೆಯ ಮೇಲೆ ಆಮೇಲೆ ಹೋದ ಬೆಲೆ ಕೂತ್ಕೊಳ್ತು. ಅಲ್ಲಿ ಒಂದೇ ಫೈಲ್ ಕಂಡ ತಂತ್ರಾಂಶ, ಇನ್ನೊಂದನ್ನ ಯಾರೋ ಅಳಿಸಿದ್ದಾರೆ ಅಂದ್ಕೊಂಡು ನನ್ನ ಲ್ಯಾಪ್‌ಟಾಪಿಂದಲೂ ಅಳಿಸಿ ಹಾಕ್ತು. ಒಂದು ಮಾತು ಕೇಳ್ಲಿಲ್ಲ!

ಹಳೇ ವರ್ಷದ್ದೆಲ್ಲ ಅಪ್ಪಯ್ಯನ ಲೆಕ್ಕದ ಪುಸ್ತಕದಲ್ಲಿ ಸಿಕ್ತು. ಹೋದ ವರ್ಷದ್ದು ಸಿಗ್ಲಿಲ್ಲ. ಕಂಪ್ಯೂಟರ್ ಇದೆಯಲ್ಲ ಅಂತ ಪುಸ್ತಕದಲ್ಲಿ ಬರೆಯೋದು ಬಿಡಿಸಿದ್ದು ನಾನೇ...

"ಹೆಸರಿಡುವಾಗ ನೀನೇ ನೋಡ್ಕೋಬೇಕಿತ್ತು" ಅಂದ ಗೆಳೆಯನೊಬ್ಬ. ಬ್ಯಾಕಪ್ ಇಡದ ತಪ್ಪು ನನ್ನದೇ, ಒಪ್ಪಿದೆ. ಆದ್ರೆ ಹೆಸರಿನ ವಿಷಯ ಒಪ್ಪಲ್ಲ. ಇಂಗ್ಲಿಷಿನವರಿಗೆ ದೊಡ್ಡ ಎಲ್, ಸಣ್ಣ ಎಲ್ ಒಂದೇ ಅಕ್ಷರದ ಎರಡು ಅಂಗಿ. ಹೀಗೆ ಬರೆಯೋ ನಮಗೆ ಅವು ಬೇರೆ ಬೇರೆ ಅಕ್ಷರ. ಮಲೆ ಬೇರೆ, ಮಳೆ ಬೇರೆ. ಹಾಲು ಬೇರೆ, ಹಾಳು ಬೇರೆ!

ಎರಡು ಬಗೆಯ ಕಂಪ್ಯೂಟರಿನ ನಡುವೆ ಓಡಾಡೋ ತಂತ್ರಾಂಶಕ್ಕೆ ಇದು ಗೊತ್ತಿರಬೇಕು. ಮಾಡೋಕಾಗದ ಕೆಲಸವೇನಲ್ಲ. ಡ್ರಾಪ್‌ಬಾಕ್ಸ್ ಇಂಥ ಕಡೆ ಒಂದು ಫೈಲಿನ ಹೆಸರಿಗೆ 'ಕೇಸ್ ಕಾನ್‌ಫ್ಲಿಕ್ಟ್' ಅಂತ ಸೇರಿಸಿ ಎರಡನ್ನೂ ಉಳಿಸುತ್ತೆ. ಗಿಟ್ ಕೂಡ 2018ರಿಂದ ಕ್ಲೋನ್ ಮಾಡುವಾಗ ಹೆಸರು ಡಿಕ್ಕಿಯಾದ್ರೆ ಎಚ್ಚರಿಸುತ್ತೆ.

ಕನ್ನಡದಲ್ಲೇ ಹೆಸರಿಟ್ರೆ ಪೂರ್ತಿ ಪಾರಾ? ದೊಡ್ಡಕ್ಷರದ ಕಾಟ ಇಲ್ಲ ನಿಜ. ಆದ್ರೆ ಯುನಿಕೋಡಲ್ಲಿ 'ಕೀ'ಯ ದೀರ್ಘವನ್ನ ಒಂದೇ ಚಿಹ್ನೆಯಾಗಿಯೂ ಬರೀಬಹುದು, ಗುಡಿಸು ಮತ್ತು ದೀರ್ಘದ ಗುರುತು ಅಂತ ಬಿಡಿಸಿಯೂ ಬರೀಬಹುದು. ಮ್ಯಾಕಿನ ಹಳೇ ಎಚ್‌ಎಫ್‌ಎಸ್ ಪ್ಲಸ್ ಬಿಡಿಸಿಯೇ ಇಡ್ತಿತ್ತು. ಲಿನಕ್ಸಿಗೆ ಬಂದ್ರೆ ನೋಡೋಕೆ ಒಂದೇ ಥರದ ಎರಡು ಫೈಲ್! ಇದು ನಮ್ಮ ಕಥೆಯ ಉಲ್ಟಾ.

ನಾನು ಹೇಳೋದಿಷ್ಟೇ. ಅನುಮಾನ ಬಂದಲ್ಲಿ ತಂತ್ರಾಂಶ ನಿಲ್ಲಲಿ, ಕೇಳಲಿ, ಅಲ್ಲಿವರೆಗೆ ಎರಡನ್ನೂ ಇಟ್ಕೊಂಡಿರಲಿ. ಒಂದು ಫೈಲ್ ಹೆಚ್ಚಾದ್ರೆ ನಾವು ಅಳಿಸ್ಕೋತೀವಿ. ಹೋದದ್ದನ್ನ ಎಲ್ಲಿಂದ ತರೋದು?

ಅಪ್ಪಯ್ಯ ಮತ್ತೆ ಪುಸ್ತಕದಲ್ಲಿ ಬರೆಯೋಕೆ ಶುರು ಮಾಡಿದ್ದಾರೆ. ಬೇಡ ಅನ್ನೋ ಧೈರ್ಯ ನನಗಿಲ್ಲ. ನಿಮ್ಮಲ್ಲಿ ಯಾರಿಗಾದ್ರೂ ಹೀಗೆ ಆಗಿದ್ಯಾ?